ಸೈಕ್ಸ್-ಪಿಕೊ ಒಂದನ್ನೇ ಬೈದ್ರೆ ಸಾಕಾ?

ಸಂಪಾದಕರೇ,

ಸಿರಿಯಾ, ಇರಾಕ್ ಕಡೆ ಗಲಾಟೆ ಆದಾಗೆಲ್ಲ ಪೇಪರ್‌ನವ್ರು 1916ರ ಸೈಕ್ಸ್-ಪಿಕೊ ಒಪ್ಪಂದದ ಕಥೆ ತೆಗೀತೀರಿ, ಬ್ರಿಟನ್ನಿನವನೊಬ್ಬ ಫ್ರಾನ್ಸಿನವನೊಬ್ಬ ಕೂತ್ಕೊಂಡು ಟರ್ಕಿಯ ಒಟ್ಟೊಮನ್ ಸಾಮ್ರಾಜ್ಯಾನ ಹಂಚ್ಕೊಂಡ್ರು, ಇವತ್ತಿನ ಬಾರ್ಡರೆಲ್ಲ ಅವರದ್ದೇ ಅಂತ. ಅರ್ಧ ನಿಜ ಅಷ್ಟೆ. ಗುಟ್ಟಾಗಿ ಒಪ್ಪಂದ ಆಗಿದ್ದು ಹೌದು, 1917ರಲ್ಲಿ ರಷ್ಯಾದ ಬೋಲ್ಶೆವಿಕ್‌ಗಳು ಅದನ್ನ ಬಯಲು ಮಾಡಿದ್ದೂ ಹೌದು. ಆದ್ರೆ ಆ ಮ್ಯಾಪಲ್ಲಿ ಮೋಸುಲ್ ಸೀಮೆ ಫ್ರೆಂಚರ ಪಾಲಿಗಿತ್ತು ಸ್ವಾಮಿ, ಈಗ ಅದಿರೋದು ಇರಾಕಲ್ಲಿ. 1918ರ ಡಿಸೆಂಬರಲ್ಲಿ ಫ್ರಾನ್ಸಿನ ಪ್ರಧಾನಿ ಕ್ಲೆಮೆನ್ಸೊ ಲಂಡನ್ನಿಗೆ ಬಂದಾಗ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಬರೀ ಬಾಯಿಮಾತಲ್ಲೇ ಮೋಸುಲ್ ಕೇಳಿ ಇಸ್ಕೊಂಡ್ರು, ಪ್ಯಾಲೆಸ್ಟೈನನ್ನೂ ಸೇರಿಸಿ. ಅಲ್ಲಿನ ಜನಕ್ಕೇನು ಬೇಕು ಅಂತ ಕೇಳಕ್ಕೆ 1919ರಲ್ಲಿ ಅಮೆರಿಕದಿಂದ ಕಿಂಗ್-ಕ್ರೇನ್ ಕಮಿಷನ್ ಹೋಗಿತ್ತು, ಫ್ರೆಂಚರು ಬೇಡವೇ ಬೇಡ ಅಂತ ಸಿರಿಯಾದಲ್ಲಿ ಬಹಳ ಜನ ಹೇಳಿದ್ರು, ಆ ರಿಪೋರ್ಟ್ ಅಚ್ಚಾಗಿದ್ದು 1922ರಲ್ಲಿ, ಅಷ್ಟೊತ್ತಿಗೆ ಫ್ರೆಂಚ್ ಸೈನ್ಯ ಡಮಾಸ್ಕಸ್‌ಗೆ ನುಗ್ಗಿ ಸಿರಿಯಾದ ಅರಬ್ ರಾಜ ಫೈಸಲ್‌ನ ಓಡ್ಸಿ ಎರಡು ವರ್ಷ ಆಗಿತ್ತು. (ಅದೇ ಫೈಸಲ್‌ನ ಬ್ರಿಟಿಷರು ಕರ್ಕೊಂಡೋಗಿ ಇರಾಕಿಗೆ ರಾಜ ಮಾಡಿದ್ರು, ಆಮೇಲಿಂದು ದೊಡ್ಡ ಕಥೆ.)

ನನ್ನ ಕೇಳಿದ್ರೆ ನೋಡ್ಬೇಕಾದ್ದು ಟರ್ಕಿ-ಸಿರಿಯಾ ಗಡಿ. 1921ರ ಅಂಕಾರಾ ಒಪ್ಪಂದದಲ್ಲಿ ಫ್ರೆಂಚರೂ ಟರ್ಕಿಯ ನಾಯಕ ಮುಸ್ತಫಾ ಕೆಮಾಲ್ ಕಡೆಯವರೂ ಸೇರ್ಕೊಂಡು ಬಾಗ್ದಾದ್ ರೈಲ್ವೆ ಹಳೀನೇ ಗಡಿ ಮಾಡ್ಬಿಟ್ರು, ಚೋಬನ್‌ಬೇ ಸ್ಟೇಷನ್ನಿಂದ ನುಸೈಬಿನ್‌ವರೆಗೂ. ಹಳಿ, ಸ್ಟೇಷನ್ ಎಲ್ಲ ಟರ್ಕಿಗೆ, ಹಳಿ ದಾಟಿದ್ರೆ ಸಿರಿಯಾ. ಆ ಗೆರೆಯುದ್ದಕ್ಕೂ ಗಡಿ ಅನ್ನಕ್ಕೆ ನದಿ ಇರ್ಲಿಲ್ಲ, ಬೆಟ್ಟ ಇರ್ಲಿಲ್ಲ, ಎರಡೂ ಕಡೆ ಅದೇ ಕುರ್ದರು, ಅದೇ ಅರಬರು, ನೆಂಟರಿಷ್ಟರು. ನುಸೈಬಿನ್ ಎದುರಿಗೇ ಕಾಮಿಶ್ಲಿ ಅಂತ ಬೇರೆ ಊರೇ ಬೆಳೀತು, 1950ರ ದಶಕದಲ್ಲಿ ಟರ್ಕಿಯವ್ರು ಗಡಿಯುದ್ದಕ್ಕೂ ನೆಲಬಾಂಬ್ ಬೇರೆ ಹೂತ್ರು. ಇದ್ಯಾವುದೂ ಸೈಕ್ಸ್, ಪಿಕೊ ಮಾಡಿದ್ದಲ್ಲ.

ಹೊರಗಿನವರ ಗೆರೆ ಅಳ್ಸಕ್ಕಾಗಲ್ಲ ಅನ್ನೋದೂ ಸುಳ್ಳು. ಮೊದಲ ಮಹಾಯುದ್ಧದಲ್ಲಿ ಗೆದ್ದವರು ಹೇರಿದ 1920ರ ಸೆವ್ರ್ ಒಪ್ಪಂದ ಟರ್ಕಿಯನ್ನ ತುಂಡುತುಂಡು ಮಾಡಿತ್ತು, ಕೆಮಾಲ್ ಯುದ್ಧ ಗೆದ್ದು 1923ರ ಲೌಸಾನ್ ಒಪ್ಪಂದದಲ್ಲಿ ಅದನ್ನ ತಿದ್ದಿಸ್ಕೊಂಡ. ಸೋತಿದ್ದು ಕುರ್ದರು. ಸೆವ್ರ್‌ನಲ್ಲಿ ಅವರಿಗೆ ಸ್ವಂತ ದೇಶದ ಆಸೆ ತೋರ್ಸಿದ್ರು, ಲೌಸಾನ್‌ನಲ್ಲಿ ಅವರ ಹೆಸರೇ ಇಲ್ಲ. 1926ರಲ್ಲಿ ಮೋಸುಲ್ ಇರಾಕಿಗೆ ಅಂತ ಟರ್ಕಿ ಒಪ್ಕೊಂಡಾಗ ಎಣ್ಣೆ ರಾಯಲ್ಟಿಲಿ ನೂರಕ್ಕೆ 10ರಂತೆ 25 ವರ್ಷ ಅದಕ್ಕೊಂದು ಪಾಲು ಸಿಕ್ತು, ಆ ಎಣ್ಣೆ ಸೀಮೆ ಕುರ್ದರಿಗೆ ಅದೂ ಇಲ್ಲ.

ಮುಂದಿನ ಸಲ ಈ ವಿಷಯ ಬರೆಯುವಾಗ 1916ರ ಮ್ಯಾಪ್ ಪಕ್ಕ 1926ರದ್ದೂ ಒಂದು ಹಾಕಿ ಸಾರ್.

– ಒಬ್ಬ ಓದುಗ