ಯಾವ ಸಮುದಾಯದ ಆಸ್ಪತ್ರೆ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಕಡೆಯ ಸಮುದಾಯ ಆರೋಗ್ಯ ಕೇಂದ್ರದ ಮುಂದೆ ಬಸ್ಸಿಗೆ ಕಾಯುತ್ತಿದ್ದಾಗ, ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಹಿರಿಯ ಹೆಂಗಸೊಬ್ಬರು ನನ್ನಿಂದ ಫಲಕ ಓದಿಸಿಕೊಂಡು, ‘ಇದು ಯಾವ ಸಮುದಾಯದೋರ ಆಸ್ಪತ್ರೆ ಸ್ವಾಮಿ, ನಮ್ಮನ್ನ ಒಳಕ್ಕೆ ಬಿಟ್ಕೋತಾರಾ?’ ಎಂದು ಕೇಳಿದರು. ಸರ್ಕಾರದ್ದು, ಎಲ್ಲರದೂ ಎಂದ ಮೇಲೆಯೇ ಅವರು ಗೇಟು ದಾಟಿದ್ದು. ಅವರ ಅನುಮಾನಕ್ಕೆ ಕಾರಣವಿತ್ತು. ಅದೇ ರಸ್ತೆಯಲ್ಲಿ ಮೂರು ಸಮುದಾಯ ಭವನಗಳಿವೆ, ಮೂರೂ ಒಂದೊಂದು ಜಾತಿಯವು. ಪತ್ರಿಕೆಗಳಲ್ಲಿಯೂ ‘ಪ್ರಬಲ ಸಮುದಾಯ’, ‘ಸಮುದಾಯದ ಮುಖಂಡರು’, ‘ಸಮುದಾಯಕ್ಕೆ ಟಿಕೆಟ್’ ಎಂದಾಗ ನಾವೆಲ್ಲರೂ ಓದಿಕೊಳ್ಳುವುದು ಜಾತಿ ಎಂದೇ.

ಇಂಗ್ಲಿಷಿನ ‘ಕಮ್ಯುನಿಟಿ’ ಎಂಬ ಪದ ಎಲ್ಲಿ ಕಂಡರೂ ಕಣ್ಣುಮುಚ್ಚಿ ‘ಸಮುದಾಯ’ ಎಂದು ಬರೆಯುವ ನಮ್ಮ ರೂಢಿಯ ಬಗ್ಗೆ ಈ ಪತ್ರ. ಆ ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಅರ್ಥವಿಲ್ಲ. ಒಂದು ಊರಿನಲ್ಲಿ ಬಾಳುವವರು, ಒಂದು ಮತಕ್ಕೆ ಅಥವಾ ಕಸುಬಿಗೆ ಸೇರಿದವರು, ಹಲವರಿಗೆ ಜಂಟಿಯಾಗಿ ಸೇರಿದ ಆಸ್ತಿ, ಒಂದೇ ಕೆರೆಯಲ್ಲಿ ಕೂಡಿ ಬದುಕುವ ಗಿಡ, ಮೀನು, ಹುಳುಗಳು, ಹೀಗೆ ಅದರ ಹರವು ದೊಡ್ಡದು. 1957ರ ರೋಮ್ ಒಪ್ಪಂದದಲ್ಲಿ ಯುರೋಪಿನ ಆರು ದೇಶಗಳು ಕಟ್ಟಿಕೊಂಡ ಆರ್ಥಿಕ ಕೂಟಕ್ಕೂ ಅದೇ ಹೆಸರು. ಸೊಸೈಟಿ, ಪಬ್ಲಿಕ್, ನೈಬರ್‌ಹುಡ್, ಫೆಲೋಶಿಪ್ ಮುಂತಾದ ಸಮಾನಾರ್ಥಕಗಳು ಒಂದೊಂದು ಸಂದರ್ಭದಲ್ಲಿ ಅದರ ಜಾಗದಲ್ಲಿ ನಿಲ್ಲಬಲ್ಲವು, ಎಲ್ಲ ಕಡೆಗೂ ಒಗ್ಗುವುದು ಒಂದೂ ಇಲ್ಲ.

ಪದದ ಬೇರು ಲ್ಯಾಟಿನ್ನಿನ ‘ಮೂನುಸ್’. ಅದಕ್ಕೆ ಹೊಣೆ ಎಂಬ ಅರ್ಥವೂ ಉಂಟು, ಉಡುಗೊರೆ ಎಂಬ ಅರ್ಥವೂ ಉಂಟು. ಹೊಣೆಯನ್ನು ಕೂಡಿ ಹೊರುವುದು ‘ಕಮ್ಯುನಿಟಿ’ಯ ಮೂಲಭಾವವಾದರೆ, ಹೊಣೆಯಿಂದ ವಿನಾಯಿತಿ ಪಡೆಯುವುದು ‘ಇಮ್ಯುನಿಟಿ’ಯದು. ನಾವು ಕಂದಾಯ ಕಟ್ಟುವ ‘ಮುನಿಸಿಪಾಲಿಟಿ’ಯೂ ಇದೇ ಮನೆತನದ್ದು. ಹೊಣೆಯೂ ಉಡುಗೊರೆಯೂ ಒಂದೇ ಪದದಲ್ಲಿ ಹೇಗೆ ಕೂಡಿದವು ಎಂಬುದು ಹಳೇ ಮೈಸೂರಿನ ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ, ಏಕೆಂದರೆ ನಮ್ಮಲ್ಲಿ ‘ಮುಯ್ಯಿ’ ಇದೆ. ಮದುವೆ ಚಪ್ಪರದಲ್ಲಿ ಒಬ್ಬರು ನೋಟುಪುಸ್ತಕ ಹಿಡಿದು ಕೂತು, ಯಾರು ಎಷ್ಟು ಕೊಟ್ಟರೆಂದು ಬರೆದುಕೊಳ್ಳುತ್ತಿದ್ದರು. ಆ ಪುಸ್ತಕವನ್ನು ನಮ್ಮ ತಾಯಿ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಕೊಟ್ಟವರ ಮನೆಯಲ್ಲಿ ಮದುವೆ ಬಂದಾಗ ತೆಗೆದು ನೋಡಿ, ಅಷ್ಟನ್ನೋ ಅದಕ್ಕಿಂತ ಹತ್ತು ರೂಪಾಯಿ ಹೆಚ್ಚನ್ನೋ ಓದಿಸಿ ಬರುತ್ತಿದ್ದರು. ನಾಟಿಗೆ ಆಳು ಸಾಲದಾಗ ಇವರ ಗದ್ದೆಗೆ ಅವರು ಬಂದು, ಅವರ ಗದ್ದೆಗೆ ಇವರು ಹೋಗುವ ‘ಮುಯ್ಯಾಳು’ ಪದ್ಧತಿಯದ್ದೂ ಇದೇ ಲೆಕ್ಕ. ಲ್ಯಾಟಿನ್ನಿಗೂ ಕನ್ನಡಕ್ಕೂ ನಂಟು ಗಂಟುಹಾಕುವ ಹುಚ್ಚು ನನಗಿಲ್ಲ, ಆ ಭಾವ ನಮಗೆ ಹೊಸದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

‘ಸಮುದಾಯ’ದ ತಪ್ಪೇನೂ ಇಲ್ಲ. ಬಿಡಿಬಿಡಿಯಾದವು ಒಟ್ಟುಗೂಡಿದ ಮೊತ್ತ ಎಂಬುದು ಅದರ ಹಳೆಯ ಅರ್ಥ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಹೆಸರಿನಲ್ಲಿ ಅದು ಇಡೀ ಹಳ್ಳಿಯನ್ನು ಕುರಿತದ್ದಾಗಿತ್ತು. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಂಗತಂಡ ತನ್ನನ್ನು ‘ಸಮುದಾಯ’ ಎಂದು ಕರೆದುಕೊಂಡಾಗಲೂ ಅದರಲ್ಲಿ ಜಾತಿಯ ವಾಸನೆಯಿರಲಿಲ್ಲ. ಜಾತಿ ಎನ್ನಲು ನಾಲಗೆ ಹಿಂಜರಿದಾಗಲೆಲ್ಲ ಈ ಪದವನ್ನು ಮುಸುಕಾಗಿ ಎಳೆದುಕೊಂಡವರು ನಾವೇ. ಇದರ ಅಣ್ಣನಂತಿರುವ ‘ಕಮ್ಯುನಲ್’ ಪದದ ಗತಿಯನ್ನು ನೋಡಿದರೂ ಸಾಕು. ಬ್ರಿಟನ್ನಿನಲ್ಲಿ ಅದು ಹತ್ತು ಮಂದಿ ಹಂಚಿಕೊಂಡು ಬಳಸುವ ಅಡುಗೆಮನೆಗೆ ಹೇಳುವ ಮಾತು. ಭಾರತದಲ್ಲಿ ಅದೇ ಪದ ‘ಕೋಮುವಾದಿ’ ಆಗಿ ಗಲಭೆಯ ಸುದ್ದಿಗೆ ಮೀಸಲಾಗಿದೆ.

ಇದು ಬರೀ ಪಂಡಿತರ ತಕರಾರಲ್ಲ. 2020ರಲ್ಲಿ ‘ಸೋಂಕು ಸಮುದಾಯಕ್ಕೆ ಹಬ್ಬಿದೆಯೇ?’ ಎಂಬ ಶೀರ್ಷಿಕೆಗಳನ್ನು ಓದಿ, ರೋಗ ಯಾವುದೋ ಒಂದು ಜನರದ್ದೆಂದು ತಿಳಿದು ಮಾತಾಡಿದವರನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ‘ಸೋಂಕು ಊರಿನೊಳಗೇ ಹರಡುತ್ತಿದೆ’ ಎಂದು ಬರೆದಿದ್ದರೆ ಆ ಗೊಂದಲ ಇರುತ್ತಿರಲಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ಅನುವಾದ ಮಾಡುವವರು ಪ್ರತಿ ಸಲವೂ ಒಂದು ಗಳಿಗೆ ನಿಂತು, ಇಲ್ಲಿ ಕೂಡಿರುವವರು ಯಾರು ಎಂದು ಕೇಳಿಕೊಳ್ಳಲಿ ಎಂಬುದು ನನ್ನ ಕೋರಿಕೆ. ‘ವೈದ್ಯ ಸಮುದಾಯ’ ಎನ್ನುವ ಕಡೆ ‘ವೈದ್ಯರು’ ಸಾಕು. ಓದುಗರದ್ದಾದರೆ ‘ಬಳಗ’, ರೈತ ಸಂಘಟನೆಗಳದ್ದಾದರೆ ‘ಒಕ್ಕೂಟ’, ಹಳ್ಳಿಯದ್ದಾದರೆ ‘ಊರವರು’. ಕರಾವಳಿಯ ಜಾತ್ರೆಯ ಆಮಂತ್ರಣಗಳಲ್ಲಿ ಇಂದಿಗೂ ಬರುವ ‘ಊರ ಹತ್ತು ಸಮಸ್ತರು’ ಎಂಬ ಮಾತಂತೂ ಬಲು ಸೊಗಸು. ಜಾತಿಯನ್ನೇ ಹೇಳಬೇಕಾದಲ್ಲಿ ಜಾತಿ ಎಂದೇ ಬರೆಯಲಿ, ಮುಜುಗರ ಬೇಡ. ‘ಗೇಟೆಡ್ ಕಮ್ಯುನಿಟಿ’ಯನ್ನು ಮಾತ್ರ ಇದ್ದಂತೆಯೇ ಬಿಡಬಹುದು. ಗೋಡೆ ಕಟ್ಟಿಕೊಂಡು ಕೂತವರಿಗೆ ಮುಯ್ಯಿಯ ಮನೆತನದ ಹೆಸರು ಹೇಗೆ ಬಂತೋ, ಅದರ ಲೆಕ್ಕವನ್ನು ಇಂಗ್ಲಿಷಿನವರೇ ಒಪ್ಪಿಸಲಿ.

ಇತಿ,
ನಿವೃತ್ತ ಕನ್ನಡ ಅಧ್ಯಾಪಕ,
ತುಮಕೂರು ಜಿಲ್ಲೆ