ಕಲಿತದ್ದನ್ನು ಕಳೆದುಕೊಳ್ಳುವ ಮಗುವಿಗೆ ಎಂಜೈಮ್ ಪರೀಕ್ಷೆ ತಪ್ಪದಿರಲಿ

ಮಾನ್ಯ ಸಂಪಾದಕರೇ,

ಮಾತು, ನಡಿಗೆ ತಡವಾದ ಮಗು ಬೇರೆ. ಓಡಾಡುತ್ತಿದ್ದು ಎಡವತೊಡಗಿ, ಆಡುತ್ತಿದ್ದ ಮಾತನ್ನೂ ಕಳೆದುಕೊಳ್ಳುವ ಮಗು ಬೇರೆ. ಕಾಸರಗೋಡಿನ ಎಣ್ಮಕಜೆ, ಮುಳಿಯಾರು ಕಡೆ ಎರಡಕ್ಕೂ ಎಂಡೋಸಲ್ಫಾನ್ ಕೀಟನಾಶಕವೇ ಕಾರಣ ಎಂಬ ಒಂದೇ ಉತ್ತರ ಸಿಗುವ ಅಪಾಯವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ನಿಜ. ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ 5 ಲಕ್ಷ ರೂಪಾಯಿ ಪರಿಹಾರ ಸಂತ್ರಸ್ತರ ಹಕ್ಕು. ಪರೀಕ್ಷೆಯ ನೆಪದಲ್ಲಿ ಸಂತ್ರಸ್ತರ ಪಟ್ಟಿಯಿಂದ ಒಂದು ಹೆಸರೂ ಅಳಿಯಕೂಡದು. ಆದರೆ ಕಲಿತದ್ದು ಕಳೆದುಹೋಗುತ್ತಿದ್ದರೆ, ಜೊತೆಗೆ ಫಿಟ್ಸ್ ಅಥವಾ ದೃಷ್ಟಿ ಮಂದವಾಗುವುದು ಇದ್ದರೆ, ಲೈಸೊಸೋಮ್ ರೋಗವೇ ಎಂದು ನೋಡಲೇಬೇಕು. ಜೀವಕೋಶದೊಳಗಿನ ತ್ಯಾಜ್ಯ ಒಡೆಯುವ ಭಾಗವಾದ ಲೈಸೊಸೋಮಿನಲ್ಲಿ ಎಂಜೈಮ್ ಹುಟ್ಟಿನಿಂದಲೇ ಕೊರತೆಯಾಗಿ, ಒಡೆಯದ ಪದಾರ್ಥ ತುಂಬಿ ಮಿದುಳಿನ ಕೋಶಗಳು ಸಾಯುವ ರೋಗಗಳಿವು: ಟೇ-ಸ್ಯಾಕ್ಸ್, ಎಂಎಲ್‌ಡಿ (ಮೆಟಾಕ್ರೊಮ್ಯಾಟಿಕ್ ಲ್ಯುಕೊಡಿಸ್ಟ್ರೋಫಿ), ಬ್ಯಾಟನ್ ರೋಗದ ಕೆಲವು ಬಗೆಗಳು ಮುಂತಾದವು.

ಕೈಯ ನರಕ್ಕೆ ಡ್ರಿಪ್ ಹಾಕಿ ಕೊಟ್ಟ ಎಂಜೈಮ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಾಗಾಗಿ ಬ್ಯಾಟನ್‌ನ ಸಿಎಲ್‌ಎನ್2 ಬಗೆಗೆ 2017ರಲ್ಲಿ ಅಮೆರಿಕ ಒಪ್ಪಿದ ಸರ್ಲಿಪೊನೇಸ್ ಆಲ್ಫಾ ಎಂಬ ಎಂಜೈಮ್ ಔಷಧವನ್ನು ನೆತ್ತಿಯ ಚರ್ಮದಡಿ ಕೂರಿಸಿದ ಸಾಧನದ ಮೂಲಕ ಎರಡು ವಾರಕ್ಕೊಮ್ಮೆ, 300 ಮಿ.ಗ್ರಾಂನಂತೆ, ನೇರ ಮಿದುಳಿನೊಳಗಿನ ದ್ರವ ತುಂಬಿದ ಕುಹರಕ್ಕೆ ಹರಿಸುತ್ತಾರೆ. ನಡಿಗೆ ಹೋಗುವುದನ್ನು ಅದು ನಿಧಾನಿಸುತ್ತದೆ, ಹೋದದ್ದನ್ನು ತರುವುದಿಲ್ಲ. ಎಂಎಲ್‌ಡಿಗೆ ಯುರೋಪ್ 2020ರಲ್ಲಿ, ಅಮೆರಿಕ 2024ರಲ್ಲಿ ಒಪ್ಪಿದ ಜೀನ್ ಚಿಕಿತ್ಸೆಯೂ ಲಕ್ಷಣ ಕಾಣುವ ಮೊದಲು ಕೊಟ್ಟರೇ ಚೆನ್ನಾಗಿ ಫಲಿಸುವುದು. ಅಣ್ಣನ ರೋಗಕ್ಕೆ ಹೆಸರು ಸಿಕ್ಕಿದರೆ ಮಾತ್ರ ತಂಗಿಯನ್ನು ಸಮಯಕ್ಕೆ ಪರೀಕ್ಷಿಸಲಾದೀತು.

ಫಿಲ್ಟರ್ ಕಾಗದದಲ್ಲಿ ಒಣಗಿಸಿದ ರಕ್ತದ ಬೊಟ್ಟು ಮೊದಲ ಪರೀಕ್ಷೆಗೆ ಸಾಕು. ನಮ್ಮ ಊರಿನಲ್ಲಿ ಇದು ಕೆಡುವುದು ಮಳೆಯಿಂದ. ಕಾಗದದಲ್ಲಿ ಅಚ್ಚಾದ ವೃತ್ತ ಹಿಂಬದಿಗೂ ತುಂಬುವಂತೆ ಒಂದೇ ಹನಿ ಬೀಳಬೇಕು. ಹನಿಯ ಮೇಲೆ ಹನಿ ಹಾಕಬಾರದು. ಕಾಗದವನ್ನು ಯಾವುದಕ್ಕೂ ತಾಗದಂತೆ ಅಡ್ಡಲಾಗಿ, ಬಿಸಿಲು ಬೀಳದ ಕಡೆ ಕನಿಷ್ಠ 3-4 ಗಂಟೆ ಒಣಗಿಸಬೇಕು. ಮಳೆ ಜೋರಾದ ಆಟಿ ತಿಂಗಳಲ್ಲಿ ಅಷ್ಟು ಸಾಲದು. ಬೇಗ ಆಗಲೆಂದು ಹೇರ್ ಡ್ರೈಯರ್ ಹಿಡಿಯುವುದು, ಹಸಿಯಾಗಿಯೇ ಪ್ಲಾಸ್ಟಿಕ್ಕಿಗೆ ತುರುಕುವುದು ಎರಡೂ ಎಂಜೈಮನ್ನು ಕೆಡಿಸುತ್ತವೆ. ಆಗ ಪರೀಕ್ಷೆಯಲ್ಲಿ ಆರೋಗ್ಯವಂತ ಮಗುವೂ ರೋಗಿಯಂತೆ ಕಾಣುತ್ತದೆ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಜಿಪ್ ಚೀಲಕ್ಕೆ ಹಾಕಬೇಕು. ಅದೇ ಹೊತ್ತಿಗೆ ಒಣಗಿಸಿದ ಆರೋಗ್ಯವಂತರೊಬ್ಬರ ರಕ್ತದ ಬೊಟ್ಟಿನ ಕಾರ್ಡನ್ನೂ ಕಳಿಸುವುದು ಒಳ್ಳೆಯದು: ಎರಡರಲ್ಲೂ ಎಂಜೈಮ್ ಕಡಿಮೆ ಬಂದರೆ ದಾರಿಯಲ್ಲಿ ಕೆಟ್ಟಿದೆ ಎಂದರ್ಥ. ಬೊಟ್ಟಿನಲ್ಲಿ ಕಡಿಮೆ ಕಂಡದ್ದು ಬಿಳಿ ರಕ್ತಕಣಗಳ ಪರೀಕ್ಷೆ, ಜೀನ್ ಪರೀಕ್ಷೆಗಳಲ್ಲಿ ಖಚಿತವಾಗದೆ ರೋಗವೆನ್ನಬಾರದು. ಎಂಎಲ್‌ಡಿಯ ಎಂಜೈಮ್ ಕಡಿಮೆಯಿದ್ದೂ ರೋಗವಿಲ್ಲದವರು ಇದ್ದಾರೆ; ಅಲ್ಲಿ ಮೂತ್ರದಲ್ಲಿ ಸಲ್ಫಟೈಡ್ (ಈ ರೋಗದಲ್ಲಿ ಒಡೆಯದೆ ಉಳಿಯುವ ಕೊಬ್ಬು) ಇದೆಯೇ ನೋಡಬೇಕು.

ತಂದೆ ತಾಯಿ ಇಬ್ಬರೂ ವಾಹಕರಾದರೆ (ದೋಷದ ಜೀನ್ ಇದ್ದೂ ರೋಗವಿಲ್ಲದವರಾದರೆ) ಪ್ರತಿ ಬಸಿರಿನಲ್ಲೂ ರೋಗದ ಸಾಧ್ಯತೆ 25%. ಜೀನಿನ ದೋಷ ಮೊದಲೇ ತಿಳಿದಿದ್ದರೆ 11ನೇ ವಾರದಿಂದ ಗರ್ಭದಲ್ಲೇ ನೋಡಬಹುದು.

2021ರ ರಾಷ್ಟ್ರೀಯ ಅಪರೂಪದ ರೋಗ ನೀತಿಯಡಿ ಕೇರಳದ ಉತ್ಕೃಷ್ಟತಾ ಕೇಂದ್ರವಿರುವುದು ತಿರುವನಂತಪುರದ ಎಸ್‌ಎಟಿ ಆಸ್ಪತ್ರೆಯಲ್ಲಿ. ಫಿಟ್ಸ್ ಬರುವ ಮಗುವನ್ನೆತ್ತಿಕೊಂಡು ರಾಜ್ಯದ ಆ ತುದಿಗೆ ಹೋಗುವುದು ಎಷ್ಟು ಮನೆಯವರಿಗೆ ಸಾಧ್ಯ? ಕಾರ್ಡು ಅಂಚೆಯಲ್ಲಿ ಹೋಗುತ್ತದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಲ್ಲಿ ವಾರಕ್ಕೊಂದು ದಿನ ರಕ್ತದ ಬೊಟ್ಟು ಸಂಗ್ರಹಿಸಲಿ, ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಬಡ್ಸ್ ಶಾಲೆಗಳಲ್ಲಿ ಕಲಿತದ್ದನ್ನು ಕಳೆದುಕೊಂಡವರನ್ನು ಮೊದಲು ಕರೆಯಲಿ. ಒಪ್ಪಿಗೆ ಪತ್ರ, ವರದಿಯ ವಿವರಣೆ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ.

– ಮಕ್ಕಳ ನರರೋಗ ವಿಭಾಗದ ಇಬ್ಬರು ವೈದ್ಯರು, ಬದಿಯಡ್ಕ