ಆ ಮರಗಳು ಇದ್ದದ್ದು ನಿಜ, ಪುಟ್ಟಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪಾ, ನಾವು ಸಮುದ್ರದೊಳಗೆ ಮರ ನೋಡಿದ್ದು ನಿಜವಾ, ನನ್ನ ಕನಸಾ?" ಅಂತ. ಆಗ ಕೆಲಸದ ಗಡಿಬಿಡಿಯಲ್ಲಿದ್ದೆ. "ನಿಜ, ಆಮೇಲೆ ಹೇಳ್ತೇನೆ" ಅಂದು ಇಟ್ಟುಬಿಟ್ಟೆ. ಫೋನಿನಲ್ಲಾದರೆ ನಾವಿಬ್ಬರೂ ಎರಡೇ ನಿಮಿಷಕ್ಕೆ ಇಂಗ್ಲಿಷಿಗೆ ಜಾರುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು. ಒತ್ತಕ್ಷರ ಕಷ್ಟವಾದ ಕಡೆ ಜೋರಾಗಿ ಓದು, ಕಿವಿಗೆ ಗೊತ್ತಾಗುತ್ತದೆ.

ಅದು 2014ರ ಆಗಸ್ಟ್. ನಿನಗೆ ಏಳು ವರ್ಷ. ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ಮೂರು ಗಂಟೆಯ ರೈಲು. ಕೊನೆಕೊನೆಗೆ ರೈಲು ಡವಿ ನದಿಯ ಅಳಿವೆಯ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ಕಿಟಕಿಯ ಕೆಳಗೇ ನೀರು, ಕೆಸರು, ಕೊಕ್ಕರೆ. ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿ ಅಳಿವೆಯ ಹತ್ತಿರ. ಆ ಕೆಸರಿನ ವಾಸನೆ ಮೂಗಿಗೆ ಬಡಿದಾಗ ಎದೆಯಲ್ಲಿ ಏನೋ ಅಲುಗಾಡಿತು. ನಿನಗೆ ಹೇಳಬೇಕು ಅನ್ನಿಸಿತು. ಆದರೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಾದೆ.

ನಾವು ಇಳಿದ ಊರು ಬೋರ್ತ್, ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನದು. ಒಂದೇ ಬೀದಿಯ ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದೊಡ್ಡ ಜೌಗು ನೆಲ. ನಮ್ಮ ಬಾಡಿಗೆ ಮನೆಗೆ ದಪ್ಪ ಕಲ್ಲಿನ ಗೋಡೆ, ತಗ್ಗಿದ ಚಾವಣಿ. ಅಡುಗೆಮನೆಯ ಮೊಳೆಗೆ ಒಂದು ಸಣ್ಣ ಪುಸ್ತಕ ನೇತುಹಾಕಿದ್ದರು. ಉಬ್ಬರ ಇಳಿತದ ಹೊತ್ತುಗಳೆಲ್ಲ ಅದರಲ್ಲಿದ್ದವು. ನೀನು ಅದನ್ನು ದಿನಾ ತಿರುವಿ ಹಾಕುತ್ತಿದ್ದೆ.

ಮೊದಲ ದಿನವೇ ಮಳೆ, ಗಾಳಿ. ಬರ್ತಾ ಎಂಬ ಚಂಡಮಾರುತದ ಬಾಲ ಅಟ್ಲಾಂಟಿಕ್ ದಾಟಿ ಬಂದು ಬ್ರಿಟನ್ನಿಗೆ ಹೊಡೆದ ದಿನ ಅದು, ಆಗಸ್ಟ್ 10. ಅಂದೇ ಹುಣ್ಣಿಮೆ. ಅದೂ ಆ ವರ್ಷ ಚಂದ್ರ ಭೂಮಿಗೆ ಎಲ್ಲಕ್ಕಿಂತ ಹತ್ತಿರ ಬಂದ ಹುಣ್ಣಿಮೆ. ನನಗೆ ಅದೆಲ್ಲ ನೆನಪೇ ಇರಲಿಲ್ಲ. ಊರಿಂದ ಅಜ್ಜಿ ಫೋನ್ ಮಾಡಿ, "ಇವತ್ತು ನೂಲ ಹುಣ್ಣಿಮೆ ಅಲ್ವಾ, ಸಮುದ್ರದ ಹತ್ರ ಇದ್ದೀರಿ, ಒಂದು ಲೋಟ ಹಾಲಾದರೂ ಬಿಡಿ" ಅಂದರು. ನಮ್ಮ ಕಡೆ ಮೀನುಗಾರರು ಈ ಹುಣ್ಣಿಮೆಯ ಹೊತ್ತಿಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಕೊಟ್ಟು ಪೂಜೆ ಮಾಡುತ್ತಾರೆ. ಮಳೆಗಾಲದ ಬಿರುಸು ತಗ್ಗಿ ದೋಣಿ ಇಳಿಸುವ ಮೊದಲು. ಮರುದಿನ ಗಾಳಿ ತುಸು ತಗ್ಗಿದಾಗ ನೀನು ಕೆಂಪು ಬೂಟು ಹಾಕಿಕೊಂಡು, ಫ್ರಿಜ್ಜಿನ ಹಾಲಿನ ಬಾಟಲಿ ಹಿಡಿದು ನೀರಿಗಿಳಿದೆ. "ಏನು ಹೇಳಬೇಕು?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. "ಸುಮ್ನೆ ಸುರಿ, ಸಾಕು" ಅಂದೆ.

ಇಲ್ಲಿ ನಿನಗೆ ಒಂದು ವಿಷಯ ಹೇಳಲೇಬೇಕು. ನಿನಗೆ ಮೂರು ವರ್ಷವಿದ್ದಾಗ ನೀನು ಮಾತಾಡುವುದು ನಿಧಾನ ಎಂದು ನರ್ಸರಿಯಲ್ಲಿ ನಮ್ಮನ್ನು ಕರೆಸಿದರು. ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ, ಮಗುವಿಗೆ ಗೊಂದಲ ಬೇಡ ಅಂದರು. ನಾವು ಹೆದರಿದೆವು. ಅಂದು ರಾತ್ರಿಯಿಂದಲೇ ನಿನ್ನ ಜೊತೆ ಕನ್ನಡ ನಿಲ್ಲಿಸಿದೆವು. ನಾಲ್ಕು ವರ್ಷ, ಪುಟ್ಟಿ. ಜೋಗುಳ ಕೂಡ ನಿಲ್ಲಿಸಿದೆವು. ನಾನೂ ಅಮ್ಮನೂ ನೀನು ಮಲಗಿದ ಮೇಲೆ ಕನ್ನಡ ಆಡುತ್ತಿದ್ದೆವು, ಕದ್ದು ತಿಂದ ಹಾಗೆ.

ಆ ವಾರ ಒಂದು ದಿನ ಪಕ್ಕದ ಅಬೆರಿಸ್ಟ್‌ವಿತ್ ಊರಿಗೆ ಹೋದೆವು. ಚಹಾ ಅಂಗಡಿಯಲ್ಲಿ ವೆಲ್ಷ್ ಕೇಕ್ ಕೊಂಡೆವು. ನಮ್ಮ ದೋಸೆಯ ಕಾವಲಿಯಂಥ ಕಬ್ಬಿಣದ ಕಲ್ಲಿನ ಮೇಲೆ ಬೇಯಿಸುವ ಕೇಕು ಅದು, ಒಣದ್ರಾಕ್ಷಿ ಹಾಕಿದ್ದು. ಪಕ್ಕದ ಮೇಜಿನಲ್ಲಿ ನಿನ್ನಷ್ಟೇ ದೊಡ್ಡ ಹುಡುಗಿ ತನ್ನಮ್ಮನ ಜೊತೆ ವೆಲ್ಷ್ ಭಾಷೆಯಲ್ಲಿ ಜಗಳವಾಡುತ್ತಿದ್ದಳು. ಇನ್ನೊಂದು ಕೇಕ್ ಬೇಕು ಅಂತಲೇ ಇರಬೇಕು. ನೀನು ತಿನ್ನುವುದನ್ನು ಬಿಟ್ಟು ಕೇಳುತ್ತಾ ಕೂತೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದೆ, "ನಮಗೂ ಒಂದು ಭಾಷೆ ಉಂಟಾ?"

ಅಮ್ಮ ಎದ್ದು ಹೊರಗೆ ಹೋದಳು. ಮಳೆ ನೋಡಲು ಹೋದಳು ಅಂತ ನಿನಗೆ ಹೇಳಿದೆ.

ಅಂದು ಸಂಜೆ ಪಕ್ಕದ ಮನೆಯ ಅಜ್ಜಿಗೆ ಇದನ್ನು ಹೇಳಿದೆ. ನಿನ್ನನ್ನು 'ಕಾರಿಯಾದ್' ಅಂತ ಕರೆಯುತ್ತಿದ್ದರಲ್ಲ, ಅವರು. ಬಂಗಾರ, ಮುದ್ದು ಅಂದ ಹಾಗೆ ಅದು. ಅವರು 'ವೆಲ್ಷ್ ನಾಟ್' ಬಗ್ಗೆ ಹೇಳಿದರು. 19ನೇ ಶತಮಾನದಲ್ಲಿ ವೇಲ್ಸಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಕಟ್ಟುತ್ತಿದ್ದರಂತೆ. ಇನ್ನೊಂದು ಮಗು ವೆಲ್ಷ್ ಮಾತಾಡಿ ಸಿಕ್ಕಿಬಿದ್ದರೆ ಅದು ಆ ಮಗುವಿನ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಪೆಟ್ಟು. ನನ್ನ ಶಾಲೆಯಲ್ಲಿ ಮರದ ತುಂಡು ಇರಲಿಲ್ಲ. ಒಂದು ಕನ್ನಡ ಮಾತಿಗೆ ನಾಲ್ಕಾಣೆ ದಂಡ ಇತ್ತು. ಯಾರು ಮಾತಾಡಿದರೆಂದು ಬರೆದುಕೊಡುವವರು ನಾವೇ, ಮಕ್ಕಳು. ನಾನೂ ಗೆಳೆಯರ ಹೆಸರು ಬರೆದಿದ್ದೇನೆ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆ ಅಜ್ಜಿಯ ಮುಂದೆ.

ಆ ಜನ ತಮ್ಮ ಭಾಷೆಯನ್ನು ಸುಮ್ಮನೆ ಉಳಿಸಿಕೊಳ್ಳಲಿಲ್ಲ. ವೆಲ್ಷ್ ಟಿವಿ ಚಾನೆಲ್ ಕೊಡುತ್ತೇವೆಂದ ಸರ್ಕಾರ ಮಾತು ತಪ್ಪಿದಾಗ, 1980ರಲ್ಲಿ ಗ್ವಿನ್ವೋರ್ ಇವಾನ್ಸ್ ಎಂಬ ನಾಯಕರು ಸಾಯುವವರೆಗೂ ಉಪವಾಸ ಮಾಡುತ್ತೇನೆಂದರು. ಸರ್ಕಾರ ಮಣಿಯಿತು. 1982ರಲ್ಲಿ ಚಾನೆಲ್ ಬಂತು. 2021ರ ಜನಗಣತಿಯಲ್ಲೂ ವೆಲ್ಷ್ ಬರುತ್ತದೆ ಅಂದವರು 5 ಲಕ್ಷ 38 ಸಾವಿರ ಜನ. ಅಷ್ಟೇ ಜನ. ಆದರೂ ಆ ಹುಡುಗಿ ಕೇಕಿಗಾಗಿ ಅದರಲ್ಲೇ ಜಗಳವಾಡುತ್ತಿದ್ದಳು.

ಈಗ ನಿನ್ನ ಮರಗಳು. ಹುಣ್ಣಿಮೆಯ ಮಾರನೇ ದಿನವೇ ನೀರು ಅತಿ ಕೆಳಗೆ ಇಳಿಯುವುದಿಲ್ಲ, ಒಂದೆರಡು ದಿನ ತಡೆದು ಇಳಿಯುತ್ತದೆ. ನಮ್ಮೂರಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಅಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕು ಮೀಟರ್ ಮೀರುತ್ತದೆ. ಹುಣ್ಣಿಮೆ ಕಳೆದು ನಾವು ಮರ ನೋಡಿದ ಮಧ್ಯಾಹ್ನ ಸಮುದ್ರ ಎದ್ದು ನಡೆದು ಹೋದ ಹಾಗಿತ್ತು. ಮರಳಿನ ಮೇಲೆ ಕಪ್ಪು ಕಪ್ಪಾಗಿ ಬುಡಗಳು. ಬೇರು ಇನ್ನೂ ನೆಲ ಹಿಡಿದೇ ಇತ್ತು. ಓಕ್, ಪೈನ್, ಬರ್ಚ್ ಮರಗಳ ಕಾಡು ಅದು. ಸಮುದ್ರ ಮೇಲೇರಿ ಅವು ಸತ್ತು ನಾಲ್ಕೂವರೆ ಸಾವಿರ ವರ್ಷಕ್ಕೂ ಜಾಸ್ತಿ ಆಯಿತು. ಗಾಳಿಯಾಡದ ಜೌಗು ಮಣ್ಣಿನಲ್ಲಿ ಹೂತಿದ್ದರಿಂದ ಕೊಳೆಯಲಿಲ್ಲ. ಆ ವರ್ಷದ ಆರಂಭದ ಬಿರುಗಾಳಿಗಳು ಮರಳನ್ನು ಎಳೆದುಕೊಂಡು ಹೋಗಿದ್ದವು, ಹಾಗಾಗಿ ಜಾಸ್ತಿ ಮರ ಹೊರಬಿದ್ದಿತ್ತು. ಅಲ್ಲಿನವರು ಅದನ್ನು 'ಕಾಂಟ್ರೆರ್ ಗ್ವೈಲೋಡ್' ಎಂಬ ಮುಳುಗಿದ ನಾಡು ಅನ್ನುತ್ತಾರೆ. ತೂಬು ಕಾಯುವವನು ಕುಡಿದು ಮಲಗಿದನಂತೆ, ಸಮುದ್ರ ಒಳನುಗ್ಗಿತಂತೆ. ನೀರಿನಡಿ ಗಂಟೆ ಕೇಳಿಸುತ್ತದೆ ಅಂತಲೂ ಹೇಳುತ್ತಾರೆ.

ನೀನು ಒಂದು ಬುಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟೆ. ಒದ್ದೆ ಹತ್ತಿಯಷ್ಟು ಮೆತ್ತಗಿದೆ ಅಂದೆ. ನಾನು ಪಕ್ಕದಲ್ಲಿ ಕೂತು "ಮರ" ಅಂದೆ. ನೀನು "ಮರ" ಅಂದೆ. "ಬೇರು." "ಬೇರು." "ಅಳಿವೆ." ಅದು ಮೂರನೇ ಸಲಕ್ಕೆ ಬಂತು. ನೀರು ತಿರುಗುವವರೆಗೂ ಹಾಗೇ ಕೂತಿದ್ದೆವು.

ಮರುದಿನ ಊರಿಗೆ ಫೋನ್ ಮಾಡಿದಾಗ ನೀನೇ ಕಿತ್ತುಕೊಂಡು ಹೇಳಿದೆ, "ಅಜ್ಜಿ, ಸಮುದ್ರ, ಮರ." ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅಜ್ಜಿ, "ಹೌದಾ ಮಗಾ! ಸಮುದ್ರದಗೆ ಮರ ಇತ್ತಾ?" ಅಂದರು.

ಆ ನಾಲ್ಕು ವರ್ಷಕ್ಕೆ ನಿನ್ನಲ್ಲಿ ಕ್ಷಮೆ ಕೇಳುತ್ತೇನೆ. ಯಾವತ್ತೋ ಕೇಳಬೇಕಿತ್ತು.

ಬರುವ ತಿಂಗಳು ಗೆಳತಿಯರ ಜೊತೆ ಹೋಗುತ್ತೇನೆ ಅಂದೆಯಲ್ಲ, ಹುಣ್ಣಿಮೆ ಕಳೆದು ಎರಡನೇ ದಿನ ಇರುವ ಹಾಗೆ ನೋಡಿಕೋ. ಇಳಿತ ಮಧ್ಯಾಹ್ನ ಬೀಳುತ್ತದೆ, ಹೊತ್ತು ಮೊದಲೇ ನೋಡಿಟ್ಟುಕೋ. ನೀರು ತಿರುಗಿದ ಕೂಡಲೇ ದಡಕ್ಕೆ ಬಂದುಬಿಡು. ಗಾಳಿಗೆ ದಪ್ಪ ಜಾಕೆಟ್ ಇರಲಿ. ಮರದ ಚೂರು ಮುರಿದು ತರಬೇಡ. ಫೋಟೋ ತೆಗೆದು ಅಜ್ಜಿಗೆ ಕಳಿಸು, ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆ. ತಪ್ಪಿದ್ದರೂ ಪರವಾಗಿಲ್ಲ, ಅಜ್ಜಿ ಓದಿಕೊಳ್ಳುತ್ತಾರೆ.

ನಿನ್ನ
ಅಪ್ಪ